ದೊಡ್ಡಮ್ಮನ ಗೋಬರ್ ಗ್ಯಾಸ್ ಹುಳಿ ಹಿಡಿದ ವರ್ಷ

ಕಲ್ಯಾಣದುರ್ಗದ ನಮ್ಮ ದೊಡ್ಡಮ್ಮ ಮನೆಗೆ ಬಂದವರಿಗೆಲ್ಲ ತನ್ನ ಒಲೆಯನ್ನು ತೋರಿಸುತ್ತಿದ್ದಳು. ಬಂದವರು ಕಾಲು ತೊಳೆದು ನೀರು ಕುಡಿದು ಮುಗಿಸುವುದರೊಳಗೆ "ಬಾರಮ್ಮ ಇಲ್ಲಿ" ಎಂದು ಅಡುಗೆಮನೆಗೆ ಕರೆದುಕೊಂಡು ಹೋಗಿ, ಪೈಪಿನ ತಿರುಪು ತಿರುಗಿಸಿ ಕಡ್ಡಿ ಗೀರುತ್ತಿದ್ದಳು. ನೀಲಿ ಉರಿ ಬುಸ್ಸೆಂದು ಏಳುತ್ತಿತ್ತು. "ಹೊಗೆ ಐತಾ? ಗೋಡೆ ಮೇಲೆ ಒಂಚೂರು ಮಸಿ ಐತಾ? ನೀನೇ ನೋಡ್ಕೋ" ಎನ್ನುತ್ತಿದ್ದಳು. ಬಂದವರು ಪಟ್ಟಣದ ಸಿಲಿಂಡರ್ ಗ್ಯಾಸಿನವರಾಗಿದ್ದರೂ ಬಿಡುತ್ತಿರಲಿಲ್ಲ. "ನಿಮ್ದು ಅಂಗಡಿಯಿಂದ ಬರೋದು. ನಮ್ದು ಕೊಟ್ಟಿಗೆಯಿಂದ ಬರೋದು ಕಣಮ್ಮ."

ಅದಕ್ಕೂ ಮುಂಚೆ ಆ ಅಡುಗೆಮನೆ ಹೇಗಿತ್ತೆಂಬುದು ನನಗೆ ಚೆನ್ನಾಗಿ ನೆನಪಿದೆ. ಬೇಸಿಗೆ ರಜೆಗೆ ಹಿಂದೂಪುರದಿಂದ ಹೋದಾಗಲೆಲ್ಲ ಜಾಲಿ ಸೌದೆಯ ಹೊಗೆಯಲ್ಲಿ ದೊಡ್ಡಮ್ಮ ಅರ್ಧ ಮಾತ್ರ ಕಾಣಿಸುತ್ತಿದ್ದಳು. ಶೇಂಗಾ ಸಿಪ್ಪೆ ಹಾಕಿ ಊದುಕೊಳವೆಯಲ್ಲಿ ಊದಿ ಊದಿ ಅವಳ ಕಣ್ಣು ಯಾವಾಗಲೂ ಅತ್ತು ಮುಗಿಸಿದಂತೆ ಇರುತ್ತಿತ್ತು. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ದೊಡ್ಡಪ್ಪ ಹಿತ್ತಲಲ್ಲಿ ಗುಂಡಿ ತೋಡಿಸಿ, ಇಟ್ಟಿಗೆಯ ಗುಮ್ಮಟ ಕಟ್ಟಿಸಿ ಗೋಬರ್ ಗ್ಯಾಸ್ ಮಾಡಿಸಿದರು. ಅಲ್ಲಿಂದ ಅವಳ ಕಣ್ಣು ತಿಳಿಯಾಯಿತು. ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಎಮ್ಮೆ ಹಸುಗಳ ಸಗಣಿಯನ್ನು ತೊಟ್ಟಿಗೆ ಸುರಿದು, ಅಷ್ಟೇ ನೀರು ಹಾಕಿ, ಕಸಕಡ್ಡಿ ಆರಿಸಿ ತೆಗೆದು, ಕೈಯಲ್ಲೇ ಕಲಸಿ ಗುಂಡಿಗೆ ಬಿಡುತ್ತಿದ್ದಳು. ಅಕ್ಕಿಹಿಟ್ಟು ಕಲಸುವಾಗಿನಷ್ಟೇ ಜೋಪಾನ. ನಾನು ಮೂಗು ಮುಚ್ಚಿಕೊಂಡು ನಿಂತರೆ ನಗುತ್ತಿದ್ದಳು. "ಅದಕ್ಕೂ ಹೊಟ್ಟೆ ಹಸಿತದೆ. ಹೊತ್ತಿಗೆ ಸರಿಯಾಗಿ ಹಾಕ್ಬೇಕು."

ನಾನು ಹಿಂದೂಪುರದಲ್ಲಿ ಬಿ.ಎಸ್ಸಿ.ಗೆ ಸೇರಿ ಮೈಕ್ರೋಬಯಾಲಜಿ ತೆಗೆದುಕೊಂಡಾಗ ಮನೆಯಲ್ಲಿ ಯಾರಿಗೂ ಅದೇನೆಂದು ತಿಳಿಯಲಿಲ್ಲ. ಹುಣಸೆಹಣ್ಣಿನ ಮಂಡಿ ಇಟ್ಟಿದ್ದ ಅಪ್ಪ ಕೇಳಿದವರಿಗೆಲ್ಲ "ಏನೋ ಡಾಕ್ಟರ್ ಥರದ್ದು" ಎಂದು ಹೇಳಿ ಸುಮ್ಮನಾಗುತ್ತಿದ್ದರು. ದೊಡ್ಡಮ್ಮ ಮಾತ್ರ ಪಟ್ಟು ಹಿಡಿದು ಕೇಳಿದಳು. ಕಣ್ಣಿಗೆ ಕಾಣದ ಜೀವಿಗಳನ್ನು ಓದುವುದು, ಹಾಲನ್ನು ಮೊಸರು ಮಾಡುವುದೂ ಅವೇ, ನಿನ್ನ ಗುಂಡಿಯಲ್ಲಿ ಗ್ಯಾಸ್ ಮಾಡುವುದೂ ಅಂಥವೇ ಎಂದೆ. "ಓ, ಹುಳ ಓದ್ತೀಯ ಅನ್ನು" ಎಂದಳು. ಅವಳ ಮಟ್ಟಿಗೆ ನಾನು ಅಂದಿನಿಂದ ಹುಳ ಓದುವ ಹುಡುಗಿ.

ನಾನು ಎರಡನೇ ವರ್ಷದಲ್ಲಿದ್ದಾಗ ಆ ಸೀಮೆಯಲ್ಲಿ ಟೊಮಾಟೊ ವಿಪರೀತ ಬಂತು. ಮಂಡಿಯಲ್ಲಿ ಕೇಳುವವರಿಲ್ಲ. ದೊಡ್ಡಪ್ಪನ ತೋಟದ್ದೂ ಹಾಗೆಯೇ ವಾಪಸು ಬಂದು ಹಿತ್ತಲಲ್ಲಿ ರಾಶಿ ಬಿತ್ತು. ದನಗಳು ತಿನ್ನುವಷ್ಟು ತಿಂದು ಮೂತಿ ತಿರುಗಿಸಿದವು. ಹಣ್ಣು ಕರಗಿ ನೀರು ಬಿಡತೊಡಗಿದಾಗ ದೊಡ್ಡಪ್ಪನಿಗೆ ಒಂದು ಯೋಚನೆ ಹೊಳೆಯಿತು. ಸಗಣಿ ಹಾಕಿದರೇ ಗ್ಯಾಸ್ ಬರುವುದಾದರೆ ಹಣ್ಣು ಹಾಕಿದರೆ ಇನ್ನೆಷ್ಟು ಬರಬೇಕು? ದೊಡ್ಡಮ್ಮ ಮಠಕ್ಕೆ ಹೋಗಿದ್ದ ಹೊತ್ತು ನೋಡಿ ಮಂಕರಿ ಮಂಕರಿ ಕೊಳೆತ ಟೊಮಾಟೊ ತುಳಿದು ಗುಂಡಿಗೆ ಬಿಟ್ಟರು. ಮರುದಿನ ಗ್ಯಾಸ್ ನಿಜವಾಗಿಯೂ ಜೋರಾಗಿ ಬಂತು. "ನೋಡ್ದಾ?" ಎಂದು ಮೀಸೆ ತಿರುವಿಕೊಂಡು, ಉಳಿದಿದ್ದನ್ನೂ ದಿನಕ್ಕಿಷ್ಟು ಎಂದು ಸುರಿದುಬಿಟ್ಟರು.

ವಾರ ಕಳೆಯುವುದರೊಳಗೆ ಉರಿ ನೀಲಿಯಿಂದ ಹಳದಿಗೆ ತಿರುಗಿ ಪಟಪಟ ಎನ್ನತೊಡಗಿತು. ಆಮೇಲೆ ಹತ್ತಲೇ ಇಲ್ಲ. ಪೈಪಿನಲ್ಲಿ ಸುಯ್ಯೆಂದು ಗ್ಯಾಸ್ ಬರುತ್ತಿತ್ತು, ಕಡ್ಡಿ ಹಿಡಿದರೆ ಕಡ್ಡಿಯೇ ಆರಿಹೋಗುತ್ತಿತ್ತು. ಗುಂಡಿಯ ಆಚೆ ಬದಿಯಿಂದ ಹೊರಬರುವ ಬಗ್ಗಡ ಹುಳಿನಾತ ಹೊಡೆಯುತ್ತಿತ್ತು.

ದೊಡ್ಡಮ್ಮ ಮೂಲೆಯಲ್ಲಿದ್ದ ಊದುಕೊಳವೆಯನ್ನು ಮತ್ತೆ ಕೈಗೆತ್ತಿಕೊಂಡಳು. ದೊಡ್ಡಪ್ಪನ ಹತ್ತಿರ ಮಾತು ಬಿಟ್ಟಳು. ಊಟ ಬಡಿಸುತ್ತಿದ್ದಳು, ತಟ್ಟೆ ಇಡುವ ಸದ್ದಿನಲ್ಲೇ ಎಲ್ಲ ಹೇಳಿಬಿಡುತ್ತಿದ್ದಳು. ಅವಳ ಸಿಟ್ಟಿಗೆ ಇನ್ನೊಂದು ಕಾರಣವೂ ಇತ್ತು. ಅವಳ ಮಗಳು, ನನ್ನ ಅಕ್ಕ, ಚೊಚ್ಚಲ ಹೆರಿಗೆಗೆ ತವರಿಗೆ ಬರುವವಳಿದ್ದಳು. ಕೂಸು ಬಂದ ಮನೆಯಲ್ಲಿ ಹೊಗೆ ಇರಬಾರದು ಎಂದು ದೊಡ್ಡಮ್ಮ ಎಂದೋ ತೀರ್ಮಾನಿಸಿಕೊಂಡಿದ್ದಳು.

ಆಗಿನ್ನೂ ಮೊಬೈಲು ಎಲ್ಲರ ಕೈಗೆ ಬಂದಿರಲಿಲ್ಲ. ಒಂದು ಸಂಜೆ ನಮ್ಮ ಮನೆಯ ಲ್ಯಾಂಡ್‌ಲೈನ್ ಹೊಡೆದುಕೊಂಡಿತು. ಎತ್ತಿದರೆ ದೊಡ್ಡಮ್ಮ. ಕ್ಷೇಮ ಸಮಾಚಾರ ಏನೂ ಇಲ್ಲ.

"ಹುಳ ಎಲ್ಲಾ ಸತ್ತೋದ್ವು ಕಣಮ್ಮ. ನಿಮ್ಮ ದೊಡ್ಡಪ್ಪ ಟೊಮಾಟೊ ಹಾಕಿ ಸಾಯಿಸ್ಬುಟ್ರು. ನಿಮ್ಮ ಕಾಲೇಜಲ್ಲಿ ಕೇಳ್ಕಂಡು ಬಾ, ಏನ್ ಮಾಡ್ಬೇಕು ಅಂತ."

ನಮ್ಮ ಲೆಕ್ಚರರ್ ಮೇಡಂ ಕೊಡಿಕೊಂಡದ ಕಡೆಯವರು. ಮನೆಮಾತು ತೆಲುಗು. ಪಾಠ ಇಂಗ್ಲಿಷಿನಲ್ಲಿ, ಬೈಗುಳ ತೆಲುಗಿನಲ್ಲಿ, ಮನಸ್ಸಿಟ್ಟು ವಿವರಿಸುವಾಗ ಕನ್ನಡ ಮಕ್ಕಳಿಗೆ ಕನ್ನಡದಲ್ಲಿ. ಮರುದಿನ ಪ್ರಾಕ್ಟಿಕಲ್ ಮುಗಿದ ಮೇಲೆ ಅವರ ಮುಂದೆ ನಿಂತು ಟೊಮಾಟೊ ಕಥೆ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ. ಅವರು ಕೈ ತೊಳೆದುಕೊಂಡು ಬಂದು ಸ್ಟೂಲ್ ಎಳೆದು ಕೂತರು.

"ಚೂಡಮ್ಮಾ, ಇಲ್ಲಿ ನೋಡು, ಬ್ಯಾಕ್ಟೀರಿಯಾ ತಿನ್ನೋದು ಅಂದ್ರೆ ಏನು? ಪರೀಕ್ಷೆಗೆ ಬರೆಯೋ ಥರ ಬೇಡ, ಹಂಗೇ ಹೇಳು."

ಅವರೇ ಹೇಳಿದರು. "ಆಹಾರದಿಂದ ಎಲೆಕ್ಟ್ರಾನ್ ಬಿಡಿಸಿ ಇನ್ನೊಬ್ಬರ ಕೈಗೆ ದಾಟಿಸೋದು. ದಾಟಿಸೋವಾಗ ಸಿಗೋದೇ ಶಕ್ತಿ. ಅದನ್ನ ಎಟಿಪಿ ಅನ್ನೋ ಪುಟ್ಟ ಅಣುವಿನಲ್ಲಿ ಹಿಡಿದಿಟ್ಟುಕೊಂಡು ಬದುಕ್ತಾವೆ. ಕೊನೆಗೆ ಇಸ್ಕೊಳ್ಳೋರು ಯಾರಾದ್ರೂ ಇರಲೇಬೇಕು. ನಮ್ಮ ಮೈಯಲ್ಲಾದ್ರೆ ಆಕ್ಸಿಜನ್ ಇಸ್ಕೊಳ್ಳುತ್ತೆ. ಆ ಗುಂಡಿ ಒಳಗೆ ಆಕ್ಸಿಜನ್ ಎಲ್ಲಿದೆ?"

"ಇಲ್ಲ ಮೇಡಂ."

"ಇಸ್ಕೊಳ್ಳೋರು ಇಲ್ಲದಿದ್ರೆ ನಮ್ಮೂರ ಚೆಕ್‌ಪೋಸ್ಟ್ ಥರ. ಮುಂದಿನ ಲಾರಿ ಬಿಡದಿದ್ರೆ ಹಿಂದಿನವೆಲ್ಲ ಸಾಲಾಗಿ ನಿಲ್ತಾವೆ. ಅದಕ್ಕೇ ಅಲ್ಲಿ ಎರಡು ಗುಂಪು ಸೇರಿ ಸಂಸಾರ ಮಾಡ್ತಾವೆ."

ಆಮೇಲೆ ಅವರು ಹೇಳಿದ್ದು ಇಂದಿಗೂ ನನಗೆ ಪುಸ್ತಕಕ್ಕಿಂತ ಸ್ಪಷ್ಟವಾಗಿ ನೆನಪಿದೆ. ಮೊದಲ ಗುಂಪಿನವು ಸಗಣಿಯಲ್ಲಿರುವುದನ್ನು ಒಡೆದು ತಿಂದು ಹುಳಿಯನ್ನೂ ಹೈಡ್ರೋಜನ್ನನ್ನೂ ಹೊರಗೆ ಬಿಡುತ್ತವೆ. ಎರಡನೆಯ ಗುಂಪಿನವು ಆ ಹುಳಿಯನ್ನೇ ತಿನ್ನುತ್ತವೆ. ಹೈಡ್ರೋಜನ್ ತಂದ ಎಲೆಕ್ಟ್ರಾನನ್ನು ಕಾರ್ಬನ್ ಡೈಆಕ್ಸೈಡಿನ ತಲೆಗೆ ಕಟ್ಟಿ ಮೀಥೇನ್ ಮಾಡುತ್ತವೆ. ಮೀಥೇನ್ ಎಂದರೆ ಒಲೆಯಲ್ಲಿ ಉರಿಯುವ ಗ್ಯಾಸ್. ಇವು ಸರಿಯಾಗಿ ನೋಡಿದರೆ ಬ್ಯಾಕ್ಟೀರಿಯಾಗಳೇ ಅಲ್ಲ, ಆರ್ಕಿಯಾ ಎಂಬ ಬೇರೆಯೇ ಕುಲ. ಆದರೆ ಎರಡೂ ಕುಲ ಒಂದನ್ನೊಂದು ಬಿಟ್ಟು ಆ ಕತ್ತಲಲ್ಲಿ ಬದುಕಲಾರವು. ಮೊದಲಿನವಕ್ಕೆ ಟೊಮಾಟೊದ ಸಕ್ಕರೆ ಹಬ್ಬದೂಟ. ಗಬಗಬನೆ ತಿಂದು, ಮರಿಮಕ್ಕಳನ್ನೂ ಮಾಡಿ, ಹುಳಿ ಸುರಿದುಬಿಟ್ಟಿವೆ. ಎರಡನೆಯವಕ್ಕೆ ತಮ್ಮ ಕೆಲಸದಲ್ಲಿ ಸಿಗುವ ಶಕ್ತಿ ತೀರಾ ಕಡಿಮೆ, ಅದಕ್ಕೇ ಬೆಳೆಯುವುದು ನಿಧಾನ. ಹುಳಿ ಏರಿತೆಂದರೆ ಕೈಕಟ್ಟಿ ಕೂರುತ್ತವೆ. ಈಗ ಬರುತ್ತಿರುವುದು ಬಹುಪಾಲು ಕಾರ್ಬನ್ ಡೈಆಕ್ಸೈಡ್. ಅದು ಉರಿಯುವುದಿಲ್ಲ, ಕಡ್ಡಿಯನ್ನೂ ಆರಿಸುತ್ತದೆ.

"ಎಲ್ಲ ಸತ್ತಿದಾವಾ ಮೇಡಂ?"

"ಎಲ್ಲ ಸಾಯಲ್ಲ. ಆದ್ರೆ ಅವಷ್ಟಕ್ಕೇ ಚೇತರಿಸಿಕೊಳ್ತಾವೆ ಅಂತ ನಾನು ಹೇಳಲಾರೆ."

ಅವರು ಹುಳಿ ಎಷ್ಟಿದೆಯೆಂದು ಬಣ್ಣದಲ್ಲಿ ತೋರಿಸುವ ಪಿ.ಎಚ್. ಪೇಪರಿನ ಪುಟ್ಟ ಪುಸ್ತಕವೊಂದನ್ನು ಕೊಟ್ಟು ಮಾಡಬೇಕಾದ್ದನ್ನು ಹೇಳಿದರು. ಸದ್ಯಕ್ಕೆ ಏನೂ ಹಾಕಬಾರದು. ಹುಳಿ ಬಗ್ಗಡವನ್ನು ಆದಷ್ಟು ಹೊರಗೆ ತೆಗೆಯಬೇಕು. ಸುಣ್ಣ ಕದಡಿದ ನೀರನ್ನು ಸ್ವಲ್ಪಸ್ವಲ್ಪವಾಗಿ ಬಿಡಬೇಕು. ಚೆನ್ನಾಗಿ ನಡೆಯುತ್ತಿರುವ ಇನ್ನೊಂದು ಗುಂಡಿಯಿಂದ ಡ್ರಮ್ಮುಗಟ್ಟಲೆ ಬಗ್ಗಡ ತಂದು ಹೆಪ್ಪು ಹಾಕಬೇಕು. ಕಾಯಬೇಕು. "ಮತ್ತೆ, ಗುಂಡಿ ಒಳಗೆ ಯಾರೂ ಇಳೀಬಾರದು. ಪ್ರಾಣಕ್ಕೆ ಅಪಾಯ. ಇದು ಮಾತ್ರ ಮೊದಲು ಹೇಳು."

ಶನಿವಾರ ಬಸ್ಸು ಹತ್ತಿದೆ. ಆ ದಾರಿ ಮಡಕಶಿರಾ ದಾಟಿ, ಕರ್ನಾಟಕದ ಪಾವಗಡಕ್ಕೆ ಹೊಕ್ಕು, ಮತ್ತೆ ಆಂಧ್ರಕ್ಕೆ ಬಂದು ಕಲ್ಯಾಣದುರ್ಗ ಮುಟ್ಟುತ್ತದೆ. ಬಸ್ಸಿನೊಳಗೆ ಕನ್ನಡ ಎಲ್ಲಿ ಮುಗಿಯಿತು ತೆಲುಗು ಎಲ್ಲಿ ಶುರುವಾಯಿತು ಎಂದು ಯಾರಿಗೂ ತಿಳಿಯುತ್ತಿರಲಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ. ಕಿಟಕಿಯ ಪಕ್ಕ ಕೂತು ಬಂಡೆಗುಡ್ಡಗಳನ್ನು ನೋಡುತ್ತಾ, ಎದೆಗೆ ಒತ್ತಿಕೊಂಡ ಬ್ಯಾಗಿನಲ್ಲಿ ಆ ಪೇಪರ್ ಪುಸ್ತಕ ಇದೆಯೋ ಇಲ್ಲವೋ ಎಂದು ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಓದಿದ್ದು ಮನೆಯವರ ಉಪಯೋಗಕ್ಕೆ ಬರುವ ಮೊದಲ ಸಂದರ್ಭ. ಹೆಮ್ಮೆಯೂ ಇತ್ತು, ಹೆದರಿಕೆಯೂ ಇತ್ತು.

ಹಿತ್ತಲಿಗೆ ಹೋಗಿ ಬಗ್ಗಡದಲ್ಲಿ ಪೇಪರ್ ಅದ್ದಿದೆ. ಹಸಿರಿಗೆ ಬರಬೇಕಾದದ್ದು ಕಿತ್ತಳೆ ಬಣ್ಣಕ್ಕೆ ತಿರುಗಿತು. ದೊಡ್ಡಮ್ಮ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು. ಮೇಡಂ ಹೇಳಿದ್ದನ್ನೆಲ್ಲ ಒಪ್ಪಿಸಿದೆ. ದೂರದಲ್ಲಿ ಕಂಬಕ್ಕೆ ಒರಗಿ ನಿಂತಿದ್ದ ದೊಡ್ಡಪ್ಪ "ಸುಣ್ಣ ನಾನು ತತ್ತೀನಿ" ಎಂದರು. ಆದರೆ ಹೆಪ್ಪು ಎಲ್ಲಿಂದ ತರುವುದು ಎಂಬ ಮಾತು ಬಂದಾಗ ದೊಡ್ಡಪ್ಪ ಕೊಟ್ಟಿಗೆಯ ಕಡೆ ತಿರುಗಿ ನಿಂತರು.

ಚೆನ್ನಾಗಿ ನಡೆಯುತ್ತಿದ್ದ ಗೋಬರ್ ಗ್ಯಾಸ್ ಅವರಿಗೆ ಗೊತ್ತಿದ್ದದ್ದು ಒಂದೇ. ಅದು ಸೆಟ್ಟೂರಿನಲ್ಲಿ, ನಾನು ಚಿಕ್ಕಪ್ಪ ಎಂದು ಕರೆಯುವ ದೊಡ್ಡಪ್ಪನ ತಮ್ಮನ ಮನೆಯಲ್ಲಿತ್ತು. ಅಣ್ಣತಮ್ಮಂದಿರು ಮಾತು ಬಿಟ್ಟು ಬಹಳ ವರ್ಷವಾಗಿತ್ತು. ಅವರ ತಾಯಿ ಕಲ್ಯಾಣದುರ್ಗದ ಈ ಮನೆಯಲ್ಲೇ ತೀರಿಕೊಂಡಿದ್ದರು. ಸೆಟ್ಟೂರಿಗೆ ಹೇಳಿ ಕಳಿಸಿದ ಆಳು ದಾರಿಯಲ್ಲಿ ಎಲ್ಲೋ ಉಳಿದುಬಿಟ್ಟ. ಚಿಕ್ಕಪ್ಪನಿಗೆ ಸುದ್ದಿ ಮುಟ್ಟಿ ಅವರು ಓಡಿ ಬರುವ ಹೊತ್ತಿಗೆ ಸಮಾಧಿಗೆ ಮಣ್ಣು ಮುಚ್ಚಿ ಆಗಿತ್ತು. ಹೆತ್ತವಳ ಮುಖ ನೋಡಲು ನನಗೆ ಬಿಡಲಿಲ್ಲ ಎಂದು ಅವರು ಹೊಸಲು ತುಳಿಯದೆ ವಾಪಸು ಹೋದರು. ಅಲ್ಲಿಗೆ ಮುಗಿದಿತ್ತು.

"ನಾನು ಹೋಯ್ತೀನಿ ಇವಳ ಜೊತೆ," ಎಂದಳು ದೊಡ್ಡಮ್ಮ, ಗಂಡನ ಕಡೆ ನೋಡದೆ. ಟೊಮಾಟೊ ಪ್ರಕರಣದ ಮೇಲೆ ಅವಳು ಅವರಿಗೆ ಕೇಳುವಂತೆ ಆಡಿದ ಮೊದಲ ಮಾತು ಅದು. "ನಮ್ಮನ್ನ ಕರ್ಕಂಡು ಹೋಗೋದಕ್ಕೆ ಒಬ್ಬರು ಬೇಕು ಅಷ್ಟೆ. ಅಲ್ಲಿ ಅವರು ಮಾತಾಡ್ದಿದ್ರೂ ನಡೀತದೆ."

ಮರುದಿನ ಬೆಳಿಗ್ಗೆ ಲಗೇಜ್ ಆಟೋದಲ್ಲಿ ಖಾಲಿ ಡ್ರಮ್ಮುಗಳನ್ನು ಹೇರಿಕೊಂಡು ಸೆಟ್ಟೂರಿಗೆ ಹೋದೆವು. ದೊಡ್ಡಪ್ಪ ಡ್ರೈವರ್ ಪಕ್ಕ ಕೂತು ದಾರಿಯುದ್ದಕ್ಕೂ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಚಿಕ್ಕಪ್ಪನ ಮನೆ ಬಂದಾಗ ಇಳಿದರು, ಆದರೆ ಆಟೋ ಬಿಟ್ಟು ಮುಂದೆ ಬರಲಿಲ್ಲ. ನಾವಿಬ್ಬರೇ ಒಳಗೆ ಹೋದೆವು.

ಚಿಕ್ಕಪ್ಪ ಪಡಸಾಲೆಯಲ್ಲಿ ಶೇಂಗಾ ಬೀಜ ಆರಿಸುತ್ತಾ ಕೂತಿದ್ದರು. ದೊಡ್ಡಮ್ಮನನ್ನು ಕಂಡು ಗಡಬಡಿಸಿ ಎದ್ದರು. "ಬಾ ಅತ್ತಿಗೆ. ಯಾರಿಗಾದ್ರೂ ಹುಷಾರಿಲ್ವಾ?"

"ಎಲ್ಲಾ ಚೆನ್ನಾಗವ್ರೆ ಕಣಪ್ಪ. ಗ್ಯಾಸ್ ಕೆಟ್ಟೋಯ್ತು. ಮಗಳು ಬಾಣಂತನಕ್ಕೆ ಬತ್ತಾಳೆ. ನಿನ್ನ ಗುಂಡಿಯಿಂದ ಹೆಪ್ಪು ಬೇಕು."

"ಹೆಪ್ಪಾ?"

ನಾನು ನಡುವೆ ಬಾಯಿ ಹಾಕಿ ವಿವರಿಸಿದೆ. ಅವರು ಕೊನೆಯವರೆಗೂ ಕೇಳಿಸಿಕೊಂಡರು. ಎಷ್ಟು ತಲೆಗೆ ಹೋಯಿತೋ ಗೊತ್ತಿಲ್ಲ, ಕಣ್ಣು ಮಾತ್ರ ಬಾಗಿಲ ಕಡೆಗೇ ಇತ್ತು.

"ಅಣ್ಣ ಬರಲಿಲ್ವಾ?"

"ಆಚೆ ನಿಂತವ್ರೆ," ಎಂದಳು ದೊಡ್ಡಮ್ಮ.

ಚಿಕ್ಕಪ್ಪ ಕೈಯಲ್ಲಿದ್ದ ಬೀಜಗಳನ್ನು ಮೊರಕ್ಕೆ ಹಾಕಿ, ಪಂಚೆ ಎತ್ತಿ ಕಟ್ಟಿ, ಹಿತ್ತಲಿಗೆ ಹೋಗಿ ಬಕೆಟ್ ತೆಗೆದುಕೊಂಡರು. ಗುಂಡಿಯಿಂದ ಬಗ್ಗಡ ತುಂಬಿ ಅವರೇ ಹೊತ್ತು ಆಟೋದ ಹತ್ತಿರ ನಡೆದರು. ದೊಡ್ಡಪ್ಪ ಡ್ರಮ್ಮಿನ ಬಾಯನ್ನು ವಾಲಿಸಿ ಹಿಡಿದುಕೊಂಡರು. ಒಂದು ಬಕೆಟ್ ಸುರಿದಾಯಿತು. ಇನ್ನೊಂದು ಸುರಿದಾಯಿತು. ನಾನು, ದೊಡ್ಡಮ್ಮ, ಆಟೋ ಡ್ರೈವರ್ ಮೂವರೂ ನೋಡುತ್ತಿದ್ದೆವು.

ಕಡೆಗೆ ಚಿಕ್ಕಪ್ಪನೇ ಬಾಯಿ ಬಿಟ್ಟರು. "ಟೊಮಾಟೊ ಹಾಕಿದ್ಯಂತೆ?"

"ಹೂಂ."

"ಎಷ್ಟು?"

"ಬಿದ್ದಿದ್ದವಲ್ಲ... ಎಲ್ಲಾ ಹಾಕ್ಬುಟ್ಟೆ."

ಚಿಕ್ಕಪ್ಪ ಬಕೆಟ್ ಕೆಳಗಿಟ್ಟರು. ನಗು ತಡೆಯಲು ನೋಡಿ ಆಗದೆ ಹೊಟ್ಟೆ ಹಿಡಿದುಕೊಂಡರು. "ಚಿಕ್ಕೋನಿದ್ದಾಗ ಕರುಗೆ ಬೆಲ್ಲ ತಿನ್ನಿಸಿ ತಿನ್ನಿಸಿ ಭೇದಿ ಮಾಡ್ಸಿದ್ದೆ. ಇನ್ನೂ ಹಂಗೇ ಇದ್ದೀಯಲ್ಲೋ ಅಣ್ಣ!" ದೊಡ್ಡಪ್ಪನಿಗೂ ನಗು ಬಂತು. ಇಬ್ಬರ ಮೊಣಕೈವರೆಗೂ ಸಗಣಿ. ನಗುತ್ತಲೇ ದೊಡ್ಡಪ್ಪ ಕಣ್ಣೊರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಬಳಿದುಕೊಂಡರು. ಚಿಕ್ಕಮ್ಮ ಬಿಸಿನೀರು ಕೊಟ್ಟಳು. ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿನ್ನದೆ ಅವತ್ತು ಹೊರಡಲು ಬಿಡಲಿಲ್ಲ.

ಹೆಪ್ಪು ಹಾಕಿ, ಸುಣ್ಣದ ನೀರು ಬಿಟ್ಟು, ಪೇಪರ್ ಪುಸ್ತಕವನ್ನು ದೊಡ್ಡಮ್ಮನ ಕೈಗೆ ಕೊಟ್ಟು ನಾನು ಹಿಂದೂಪುರಕ್ಕೆ ವಾಪಸಾದೆ. ಹೊರಡುವ ಮುಂಚೆ ದೊಡ್ಡಮ್ಮ ಕೇಳಿದಳು. "ಆ ಎರಡನೇ ಗುಂಪಿನ ಹುಳಗಳು ಅಷ್ಟು ನಿಧಾನ ಯಾಕೆ? ಸೋಂಬೇರಿಗಳಾ?"

"ಸೋಂಬೇರಿಗಳಲ್ಲ ದೊಡ್ಡಮ್ಮ. ಅವಕ್ಕೆ ಸಿಗೋದೇ ಒಂದು ತುತ್ತು. ಆಹಾರದಲ್ಲಿರೋ ಶಕ್ತಿಯಲ್ಲಿ ಬಹುಪಾಲು ಗ್ಯಾಸ್ ಒಳಗೇ ಉಳಿದುಬಿಡ್ತದೆ. ಅವು ಬಿಟ್ಟಿದ್ದನ್ನೇ ನೀನು ಒಲೆಯಲ್ಲಿ ಉರಿಸೋದು."

ದೊಡ್ಡಮ್ಮನ ಮುಖ ಸಪ್ಪಗಾಯಿತು. "ಹಂಗಾದ್ರೆ ಪಾಪ, ಅವು ಅರೆಹೊಟ್ಟೆ ಉಂಡು ನಮಗೆ ಬಿಡ್ತಾವೆ." ಅವು ನಮಗಾಗಿ ಏನೂ ಬಿಡುವುದಿಲ್ಲ, ಆಕ್ಸಿಜನ್ ಇಲ್ಲದ ಕಡೆ ಅದಕ್ಕಿಂತ ಹೆಚ್ಚು ಹಿಂಡಿಕೊಳ್ಳಲು ಅವಕ್ಕೆ ದಾರಿಯೇ ಇಲ್ಲ ಎಂದು ಹೇಳಬೇಕೆಂದುಕೊಂಡೆ. ಬಸ್ಸಿನ ಹೊತ್ತಾಗಿತ್ತು.

ಮೊದಲ ವಾರಗಳು ಕಷ್ಟದವು. ಫೋನ್ ಮಾಡಿದಾಗಲೆಲ್ಲ ಒಂದೇ ವರದಿ. ಪೇಪರ್ ಹಳದಿಗೆ ಬಂದಿದೆ, ಉರಿ ಹತ್ತಿಲ್ಲ. ಅಕ್ಕ ತವರಿಗೆ ಬಂದಳು, ಉರಿ ಹತ್ತಿಲ್ಲ. ನಾನು ಮೇಡಂ ಹತ್ತಿರ ಹೋಗಿ ನಿಂತರೆ "ಕಾಯ್ಬೇಕಮ್ಮಾ" ಎನ್ನುತ್ತಿದ್ದರು. ಒಮ್ಮೆ ಮಾತ್ರ, ಹೀಗೇ ಆದರೆ ಖಾಲಿ ಮಾಡಿಸಿ ಹೊಸದಾಗಿ ತುಂಬಬೇಕಾದೀತು ಎಂದರು. ಆ ಮಾತನ್ನು ದೊಡ್ಡಮ್ಮನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಈ ನಡುವೆ ಚಿಕ್ಕಪ್ಪ ಯಾರೂ ಕರೆಯದೆಯೇ ಇನ್ನೊಂದು ಸಲ ಡ್ರಮ್ಮು ಹೇರಿಕೊಂಡು ಬಂದು ಸುರಿದು ಹೋದರಂತೆ. ಬಂದಾಗ ಹೊಸಲು ದಾಟಿ ಒಳಗೆ ಬಂದು, ಊಟ ಮಾಡಿ, ತಾಯಿ ಮಲಗುತ್ತಿದ್ದ ಕೋಣೆಯಲ್ಲಿ ಸ್ವಲ್ಪ ಹೊತ್ತು ಕೂತಿದ್ದರಂತೆ.

ಒಂದು ಬೆಳಿಗ್ಗೆ ಕಾಲೇಜಿಗೆ ಹೊರಡುತ್ತಿದ್ದೆ. ಫೋನ್ ಹೊಡೆದುಕೊಂಡಿತು.

"ಹತ್ಕಂತು ಕಣಮ್ಮಾ!" ದೊಡ್ಡಮ್ಮನ ಕೂಗು ಅಡುಗೆಮನೆಯಲ್ಲಿದ್ದ ಅಮ್ಮನಿಗೂ ಕೇಳಿಸಿತು. "ಮೊದ್ಲು ಹಳದಿ ಬಂತು, ಆಮೇಲೆ ನೀಲಿ. ಹಾಲು ಕಾಯೋದಕ್ಕೆ ಇಟ್ಟಿದ್ದೀನಿ. ಇರು, ಉಕ್ಕೋಯ್ತದೆ, ಹೋಯ್ತೀನಿ" ಎಂದು ಫೋನ್ ಇಟ್ಟೇಬಿಟ್ಟಳು. ನಾನು ರಿಸೀವರ್ ಹಿಡಿದುಕೊಂಡೇ ನಿಂತಿದ್ದೆ. ಓದಿನಲ್ಲಿ ಆಮೇಲೂ ಒಳ್ಳೆಯ ಸಂಗತಿಗಳು ನಡೆದಿವೆ, ಆದರೆ ಅಂಥ ಬೆಳಗು ಮತ್ತೆ ಬರಲಿಲ್ಲ.

ಅಕ್ಕನಿಗೆ ಗಂಡು ಮಗುವಾಯಿತು. ತೊಟ್ಟಿಲಿಗೆ ಹಾಕಿದ ದಿನ ಸೆಟ್ಟೂರಿನವರೆಲ್ಲ ಬಂದಿದ್ದರು. ಮಧ್ಯಾಹ್ನ ಊಟವಾದ ಮೇಲೆ ನಾನು ಹಿತ್ತಲ ಕಟ್ಟೆಯ ಮೇಲೆ ಮಗುವಿನ ಬಟ್ಟೆ ಮಡಿಸುತ್ತಿದ್ದೆ. ಬೇವಿನ ಮರದ ಕೆಳಗೆ ಅಣ್ಣತಮ್ಮಂದಿರು ಗುಂಡಿಯ ಗುಮ್ಮಟಕ್ಕೆ ಒರಗಿ ಕೂತಿದ್ದರು. ದೊಡ್ಡಪ್ಪ ಮುಖ ಎತ್ತದೆ ಹೇಳುತ್ತಿದ್ದರು. "ಅವ್ವ ಹೋದ ದಿನ ಹೊತ್ತು ಮುಳುಗೋವರ್ಗೂ ಕಾದೆ ಕಣೋ. ಊರವರು ಎತ್ತಿ ಎತ್ತಿ ಅಂದ್ರು, ನಾನು ಬಿಡಲಿಲ್ಲ. ರಸ್ತೆಗೆ ಹೋಗಿ ಹೋಗಿ ನೋಡಿ ಬಂದೆ."

ಚಿಕ್ಕಪ್ಪ ಕೆಳಗೆ ಬಿದ್ದಿದ್ದ ಬೇವಿನ ಕಡ್ಡಿಯೊಂದನ್ನು ಎತ್ತಿ ಮುರಿದರು. ಆಮೇಲೆ "ನೀನು ಕಾದಿದ್ದು ನಂಗೆ ಯಾರೂ ಹೇಳಲಿಲ್ಲ ಅಣ್ಣ" ಎಂದರು. ದೊಡ್ಡಪ್ಪ ಜೇಬಿನಿಂದ ಅಡಿಕೆ ತೆಗೆದು ತಮ್ಮನ ಕೈಗಿಟ್ಟರು. ನಾನು ಬಟ್ಟೆಗಳನ್ನು ಎತ್ತಿಕೊಂಡು ಸದ್ದಾಗದಂತೆ ಒಳಗೆ ಬಂದೆ.

ನಾನು ಕಡೆಯ ವರ್ಷದಲ್ಲಿದ್ದಾಗ ದೊಡ್ಡಮ್ಮ ಒಂದು ಮದುವೆಯ ಸೀರೆ ಕೊಳ್ಳಲು ಹಿಂದೂಪುರಕ್ಕೆ ಬಂದಳು. ಕೈಚೀಲದಲ್ಲಿ ಹಾರ್ಲಿಕ್ಸ್ ಬಾಟಲಿ ತುಂಬ ಗುಂಡಿಯ ಬಗ್ಗಡ. "ನಿಮ್ಮ ಮೇಡಂಗೆ ಹೇಳು, ಒಂದ್ಸಲ ತೋರ್ಸು ಅಂತ" ಎಂದಳು. ಮೇಡಂ ಬೇಡವೆನ್ನಲಿಲ್ಲ. ಗಾಜಿನ ಮೇಲೆ ಒಂದು ತೊಟ್ಟು ಹರಡಿ, ಒಣಗಿಸಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಡಿ ಇಟ್ಟು, ಸ್ಟೂಲ್ ಸರಿಸಿ ಕೊಟ್ಟರು. ಕೈತುಂಬ ಬಳೆ ಹಾಕಿಕೊಂಡು ಬಂದಿದ್ದ ದೊಡ್ಡಮ್ಮ ಸೆರಗು ಸಿಕ್ಕಿಸಿಕೊಂಡು ಒಂದು ಕಣ್ಣು ಮುಚ್ಚಿ ಬಗ್ಗಿದಳು.

"ಏನು ಕಾಣ್ತದೆ ಅಮ್ಮಾ?" ಎಂದರು ಮೇಡಂ.

"ಸಾಸಿವೆ ಚೆಲ್ಲಿದಂಗೆ ಐತೆ. ಕೆಲವು ಜೀರಿಗೆ ಥರಾ." ಇನ್ನೂ ಬಗ್ಗಿದಳು. "ಇವಕ್ಕೆ ಬಾಯೇ ಇಲ್ವಲ್ಲ. ಹೆಂಗೆ ತಿಂತಾವೆ?"

"ಮೈಯೆಲ್ಲಾ ಬಾಯೇ ಅಮ್ಮಾ. ತೊಗಲಿನಿಂದಲೇ ಎಳ್ಕೊಳ್ತಾವೆ."

ದೊಡ್ಡಮ್ಮ ತಲೆ ಎತ್ತಲಿಲ್ಲ. ಹೊರಗೆ ಬೆಲ್ ಹೊಡೆಯಿತು, ಮುಂದಿನ ಬ್ಯಾಚಿನ ಹುಡುಗಿಯರು ಬಾಗಿಲಲ್ಲಿ ಗುಂಪುಗೂಡಿ ಇಣುಕತೊಡಗಿದರು. ಮೇಡಂ ಅವರಿಗೆ ಕೈಸನ್ನೆ ಮಾಡಿ "ಉಂಡಂಡಮ್ಮಾ, ಇರಿ ಸ್ವಲ್ಪ" ಎಂದರು. ದೊಡ್ಡಮ್ಮ ಗಾಜಿನ ಮೇಲಿನ ಆ ಚುಕ್ಕೆಗಳನ್ನು ಇನ್ನೂ ನೋಡುತ್ತಲೇ ಇದ್ದಳು.